ಮುದ್ದೆ ಏನು ತಪ್ಪು ಮಾಡಿತು?

ಓದುಗರ ಪತ್ರ: "ಮಗನಿಗೆ 21 ವರ್ಷ. ಜಿಮ್‌ಗೆ ಸೇರಿದ ಮೇಲೆ ಮುದ್ದೆ, ಅನ್ನ ಎರಡೂ ಬಿಟ್ಟಿದ್ದಾನೆ. 'ಅದೆಲ್ಲ ಬರೀ ಕಾರ್ಬ್ಸ್ ಅಮ್ಮ, ಮೈಗೆ ಬೇಕಾಗಿರೋದು ಪ್ರೋಟೀನ್' ಅಂತ ಡಬ್ಬದ ಪುಡಿ ಕಲಸಿ ಕುಡಿಯುತ್ತಾನೆ. ಮಾಡಿದ ಅಡುಗೆ ಉಳಿಯುತ್ತದೆ, ಮಾರನೇ ದಿನ ನಾನೇ ತಿಂದು ಮುಗಿಸುತ್ತೇನೆ. ಅವನು ಹೇಳುವುದು ಸರಿಯಾ?" (ಒಬ್ಬ ತಾಯಿ, ತಿಪಟೂರು)

ಅಮ್ಮ, ನಿಮ್ಮ ಮಗನ ಮಾತಿನಲ್ಲಿ ಒಂದು ನಿಜ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಅನ್ನ ಗುಡ್ಡೆ, ಸಾರು ನೀರು. ಬೇಳೆಯನ್ನು ಪಾತ್ರೆಯ ತಳದಲ್ಲಿ ಹುಡುಕಬೇಕು. ಪ್ರೋಟೀನ್ ಕಡಿಮೆ ಬೀಳುವುದು ಹೌದು. ಹಾಗಿದ್ದರೆ ಸಾರಿಗೆ ಇನ್ನೊಂದು ಹಿಡಿ ಬೇಳೆ ಹಾಕಿ. ಅದಕ್ಕೆ ಮುದ್ದೆಯನ್ನು ಯಾಕೆ ಮನೆಯಿಂದ ಓಡಿಸಬೇಕು?

ಮೈ ಓಡಾಡಲು ಶಕ್ತಿ ಬೇಕು. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕಾಗುತ್ತದೆ. ಅದು ಸುಲಭವಾಗಿ ಸಿಗುವುದು ರಾಗಿ, ಅಕ್ಕಿ, ಜೋಳದ ಪಿಷ್ಟದಿಂದ, ಅಂದರೆ ನಿಮ್ಮ ಮಗ ಹೇಳುವ ಕಾರ್ಬ್ಸ್‌ನಿಂದಲೇ. ಅದನ್ನು ನಿಲ್ಲಿಸಿಬಿಟ್ಟರೆ ಮೈ ಪ್ರೋಟೀನನ್ನೇ ಒಡೆದು ಗ್ಲೂಕೋಸ್ ಮಾಡಿಕೊಳ್ಳಲು ನೋಡುತ್ತದೆ. ಸೌದೆ ಇಲ್ಲ ಅಂತ ಮನೆಯ ತೊಲೆ ಕಡಿದು ಒಲೆಗೆ ಹಾಕಿದ ಹಾಗೆ. ತೋಳು ದಪ್ಪ ಆಗಲಿ ಅಂತ ದುಡ್ಡು ಕೊಟ್ಟು ತಂದ ಪುಡಿ ಉರಿದು ಹೋಗುತ್ತದೆ, ಅಷ್ಟೇ.

ಮಗನನ್ನು ಕೂರಿಸಿಕೊಂಡು ಒಂದು ಲೆಕ್ಕ ಮಾಡಿ. 60 ಕೆಜಿ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು, ಜಿಮ್ ಮಾಡಿದರೆ ಸ್ವಲ್ಪ ಜಾಸ್ತಿ. 200 ಗ್ರಾಂ ರಾಗಿ ಹಿಟ್ಟಿನಲ್ಲೇ 14 ಗ್ರಾಂ ಇದೆ. 75 ಗ್ರಾಂ ಕಾಳಿನಲ್ಲಿ 16. ಅರ್ಧ ಲೀಟರ್ ಹಾಲಿನಲ್ಲಿ 16. ಎರಡು ಮೊಟ್ಟೆಯಲ್ಲಿ 12. ಡಬ್ಬ ಮುಟ್ಟದೆ 58 ಆಯಿತಲ್ವಾ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ತಂದ ಮಾರ್ಗಸೂಚಿಯೂ ಮೈ ಕಟ್ಟಲು ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳುತ್ತದೆ.

ನನಗೆ ಬಸ್ಸಾರಿನ ಮೇಲೆ ಇರುವ ಪ್ರೀತಿ ಈ ಪತ್ರಿಕೆಯ ಹಳೆ ಓದುಗರಿಗೆಲ್ಲ ಗೊತ್ತು. ಸೊಪ್ಪು, ಕಾಳು ಬೇಯಿಸಿ ಬಸಿಯುತ್ತೇವೆ. ನೀರಿನಲ್ಲಿ ಕರಗುವ ಬಿ ವಿಟಮಿನ್‌ಗಳು, ಲವಣಗಳು ಆ ಕಟ್ಟಿಗೆ ಇಳಿಯುತ್ತವೆ, ಆ ಕಟ್ಟೇ ಸಾರಾಗುತ್ತದೆ. ಒಂದು ಹನಿಯೂ ಚೆಲ್ಲುವುದಿಲ್ಲ. ಉಳಿದ ಸೊಪ್ಪು, ಕಾಳಿಗೆ ಎಣ್ಣೆಯ ಒಗ್ಗರಣೆ ಬೀಳುತ್ತದೆ, ಸೊಪ್ಪಿನಿಂದ ಸಿಗುವ ಎ ವಿಟಮಿನ್ ಮೈಗೆ ಹತ್ತಬೇಕಾದರೆ ಕೊಬ್ಬು ಬೇಕೇ ಬೇಕು. ಲೈಸಿನ್, ಮೆಥಿಯೊನಿನ್ ಅಂದರೆ ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳು. ರಾಗಿಯ ಪ್ರೋಟೀನಿನಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ರಾಗಿಯಲ್ಲಿದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ. ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಇಷ್ಟೆಲ್ಲ ಇರುವ ಊಟಕ್ಕೆ 'ಬರೀ ಕಾರ್ಬ್ಸ್' ಅಂದರೆ ನನಗೆ ನಿಜವಾಗಿ ನೋವಾಗುತ್ತದೆ.

ಈ ನೋವು ಹಳೆಯದು. ನಾನು ಹುಡುಗನಾಗಿದ್ದಾಗ ಪೇಟೆಯ ನೆಂಟರು ಬಂದರೆ ನಮ್ಮಮ್ಮ ಮುದ್ದೆಯ ಪಾತ್ರೆಯನ್ನು ಒಳಮನೆಗೆ ಇಟ್ಟುಬಿಡುತ್ತಿದ್ದರು. ಬಂದವರಿಗೆ ಬೆಳ್ಳಗಿನ ಅನ್ನ. ನಾವು ಮಕ್ಕಳು ಒಳಗೆ ಕೂತು ಮುದ್ದೆ ನುಂಗಬೇಕು. ಆ ಬೆಳ್ಳಗಿನ ಅಕ್ಕಿಯ ಕಥೆ ಕೇಳಿ. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲಿನ ಬಲ ಕಳೆದುಕೊಂಡು ಬೀಳುವುದನ್ನು ಕಂಡರು. ತೌಡು ಹಾಕಿದಾಗ ಕೋಳಿಗಳು ಎದ್ದು ನಿಂತವು. ತೌಡಿನಲ್ಲಿ ಇದ್ದದ್ದು ಬಿ1 ವಿಟಮಿನ್. ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ನಾವು ಮಾತ್ರ ಇವತ್ತಿಗೂ ಅಕ್ಕಿ ಎಷ್ಟು ಬೆಳ್ಳಗಿದೆ ಅಂತಲೇ ನೋಡಿ ಕೊಂಡು ತರುತ್ತೇವೆ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ಎಂಬ ರಾಗಿ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಪಿಷ್ಟ, ಪ್ರೋಟೀನ್, ಕೊಬ್ಬು, ವಿಟಮಿನ್, ಖನಿಜ ಅಂತ ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಅವೆಲ್ಲ ಮಧ್ಯಾಹ್ನದ ತಟ್ಟೆಯಲ್ಲೇ ಇವೆ ಅಂತ ಯಾರೂ ತೋರಿಸುವುದಿಲ್ಲ.

ಇನ್ನು ನಿಮಗೊಂದು ಮಾತು, ಸ್ವಲ್ಪ ಗದರಿಸಿಯೇ ಹೇಳುತ್ತೇನೆ. ಪತ್ರದಲ್ಲೆಲ್ಲ ಮಗನ ತಟ್ಟೆಯೇ ಇದೆ. ಉಳಿದದ್ದನ್ನು ಮಾರನೇ ದಿನ ತಿನ್ನುವವರು ನೀವು. 2019-21ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ನಾಳೆ ಬಸ್ಸಾರು ಮಾಡಿದಾಗ ಮಗನ ಜೊತೆ ನೀವೂ ಬಿಸಿ ಬಿಸಿಯಾಗಿ ಊಟಕ್ಕೆ ಕೂತುಬಿಡಿ. ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಊಟ ಆದ ತಕ್ಷಣ ಟೀ ಬೇಡ, ಅದು ಕಬ್ಬಿಣ ಹತ್ತಲು ಬಿಡುವುದಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಎಷ್ಟು ಬಂತು ಅಂತ ನನಗೆ ಬರೆಯಿರಿ.