ಅವರಿಗೆ ನನ್ನ ಹೆಸರು ಗೊತ್ತಿತ್ತು

(ಪೋಷಕರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದ ಆಪ್ತಸಲಹೆ ಪ್ರಕರಣ)

8 ವರ್ಷದ ಆ ಹುಡುಗಿಯನ್ನು ತಾಯಿ ನನ್ನ ಬಳಿ ಕರೆತಂದಾಗ ಘಟನೆ ನಡೆದು 15 ದಿನಗಳಾಗಿದ್ದವು. ಶಾಲೆಗೆ ನಡೆದು ಹೋಗುತ್ತಿದ್ದವಳ ಪಕ್ಕದಲ್ಲಿ ಒಬ್ಬ ಬೈಕ್ ನಿಲ್ಲಿಸಿ, ಹೆಸರು ಹಿಡಿದು ಕರೆದು, "ನಿನ್ನ ಅಪ್ಪನಿಗೆ ಪೆಟ್ಟಾಗಿದೆ, ನಿನ್ನನ್ನು ಕರೆತರಲು ಹೇಳಿದ್ದಾರೆ, ಹತ್ತು" ಎಂದಿದ್ದ. ಅವಳು ಹತ್ತುವುದರಲ್ಲಿದ್ದಳು. ಹಿಂದೆ ಬರುತ್ತಿದ್ದ ಸಹಪಾಠಿಯ ತಾಯಿ ಕೂಗಿದ್ದರಿಂದ ಅವನು ಪರಾರಿಯಾದ. ತಂದೆತಾಯಿ ಅಂದೇ ಪೊಲೀಸರಿಗೂ ಶಾಲೆಗೂ ತಿಳಿಸಿದ್ದರು.

ಮನೆಯಲ್ಲಿ ಮಾತ್ರ ಬೇರೆಯೇ ನಡೆಯಿತು. "ಅಷ್ಟು ಸಲ ಹೇಳಿದ್ದರೂ ಬುದ್ಧಿ ಎಲ್ಲಿ ಹೋಗಿತ್ತು?" ಎಂದು ತಂದೆ ಗದರಿದರು. ಎಚ್ಚರ ಮೂಡಲಿ ಎಂದು ಮಕ್ಕಳ ಅಪಹರಣದ ವಿಡಿಯೊಗಳನ್ನು ತೋರಿಸಿದರು. ಅಲ್ಲಿಂದ ರಾತ್ರಿ ಹಾಸಿಗೆ ಒದ್ದೆಯಾಗುವುದು, ಬೆಳಿಗ್ಗೆ ಹೊಟ್ಟೆನೋವು, ಶಾಲೆಯ ಮಾತೆತ್ತಿದರೆ ಅಳು ಶುರುವಾಯಿತು.

ನಾನು ಅವಳಿಗೆ ಕಾಗದ, ಬಣ್ಣ ಕೊಟ್ಟು, "ಅಪರಿಚಿತರು ಎಂದರೆ ಹೇಗಿರುತ್ತಾರೆ, ಬರೆದು ತೋರಿಸುತ್ತೀಯಾ ಪುಟ್ಟಿ?" ಎಂದೆ. ದಪ್ಪ ಮೀಸೆ, ಕೆಂಪು ಕಣ್ಣು, ಹೆಗಲ ಮೇಲೊಂದು ಗೋಣಿಚೀಲ. "ಬೈಕಿನಲ್ಲಿ ಬಂದವರು ಹೀಗಿದ್ದರಾ?" "ಇಲ್ಲ, ಆ ಅಂಕಲ್ ನಗುತ್ತಿದ್ದರು. ಅವರಿಗೆ ನನ್ನ ಹೆಸರು ಗೊತ್ತಿತ್ತು."

ಇಡೀ ಪ್ರಕರಣದ ಕೀಲಿ ಆ ಮಾತಿನಲ್ಲೇ ಇತ್ತು. ಮಗು ಮಾತು ಮೀರಿರಲಿಲ್ಲ. ಹೆಸರು ಗೊತ್ತಿರುವವರು ಅವಳ ಲೆಕ್ಕದಲ್ಲಿ ಅಪರಿಚಿತರಲ್ಲ. ದೊಡ್ಡವರು ಹೇಳಿದ್ದನ್ನು ಕೇಳಬೇಕು ಎಂದು ಕಲಿಸಿದವರೂ ನಾವೇ. ಹೆಸರು ಎಲ್ಲಿಂದ ಸಿಕ್ಕಿತು ಎಂದು ತಾಯಿ ತಲೆ ಕೆಡಿಸಿಕೊಂಡಿದ್ದರು. ಅದು ಮಗುವಿನ ಬ್ಯಾಗಿನ ಹೊರಗೇ ದೊಡ್ಡ ಅಕ್ಷರಗಳಲ್ಲಿತ್ತು.

ತಂದೆಗೆ ನಾನು ಮೊದಲು ಹೇಳಿದ್ದು, ಮಗಳ ಕ್ಷಮೆ ಕೇಳಿ ಎಂದು. ಅವರಿಗೆ ಅದು ಕಷ್ಟವಾಯಿತು, ಆದರೂ ಕೇಳಿದರು. ಬೈಗುಳ ತಿಂದ ಮಗು ಮುಂದಿನ ಸಲ ಏನಾದರೂ ನಡೆದರೆ ಬಾಯಿ ಬಿಡುವುದಿಲ್ಲ. ನನಗೆ ಬೈಕಿನವನಿಗಿಂತ ಹೆಚ್ಚು ಭಯ ಹುಟ್ಟಿಸುವುದು ಆ ಮೌನ.

ಆಮೇಲೆ ಅಭ್ಯಾಸ. 1981ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಮಕ್ಕಳನ್ನು ಪುಸಲಾಯಿಸುವ ಮಾತುಗಳನ್ನು ಮೂರು ಬಗೆಯಾಗಿ ನೋಡಿತ್ತು: ಸುಮ್ಮನೆ ಬಾ ಎನ್ನುವುದು, ಏನಾದರೂ ಕೊಡುತ್ತೇನೆ ಎನ್ನುವುದು, ನಿನ್ನ ಟೀಚರ್ ಹೇಳಿದ್ದಾರೆ ಎಂದು ಹಿರಿಯರ ಹೆಸರು ಮುಂದಿಡುವುದು. ಉಪದೇಶ ಸಾಲದು, ಆಡಿಸಿ ಮಾಡಿಸಿದರೆ ಮಾತ್ರ ಮಕ್ಕಳಿಗೆ ಬರುತ್ತದೆ ಎಂಬುದು ನನ್ನ ಅನುಭವವೂ ಹೌದು. ನಾನೇ ಬೈಕಿನವನಾದೆ. ಮೊದಲ ದಿನ ಅವಳು ಕೈಕಟ್ಟಿ ನಿಂತು ನನ್ನ ಪ್ರತಿ ಪ್ರಶ್ನೆಗೂ ವಿನಯದಿಂದ ಉತ್ತರಿಸಿದಳು. ದೊಡ್ಡವರಿಗೆ "ಬರುವುದಿಲ್ಲ" ಎನ್ನಲು ಅವಳ ನಾಲಿಗೆಯೇ ಏಳಲಿಲ್ಲ. ನಾಲ್ಕನೆಯ ಭೇಟಿಯ ಹೊತ್ತಿಗೆ ಕೈಗೆ ಸಿಗದಷ್ಟು ದೂರ ಹಿಂದೆ ಸರಿದು, "ಬರುವುದಿಲ್ಲ" ಎಂದು ಜೋರಾಗಿ ಹೇಳಿ, ವಾಹನದ ಮುಖ ಇರುವುದಕ್ಕೆ ಎದುರು ದಿಕ್ಕಿನಲ್ಲಿ ಓಡುತ್ತಿದ್ದಳು. ಯಾರಾದರೂ ಹಿಡಿದರೆ ಬ್ಯಾಗ್ ಬಿಟ್ಟು, ಬರೀ ಅಳದೆ, "ಇವರು ನನ್ನ ಅಪ್ಪ ಅಲ್ಲ" ಎಂದು ಕೂಗಬೇಕು. ಬರೀ ಅತ್ತರೆ ನೋಡುವವರು ಹಟಮಾರಿ ಮಗು ಎಂದುಕೊಂಡು ಹೋಗಿಬಿಡಬಹುದು.

ಓಡಿ ಎಲ್ಲಿಗೆ ಹೋಗಬೇಕು? ಇದನ್ನು ಹೇಳದೆ ಓಡು ಎಂದರೆ ಅರ್ಥವಿಲ್ಲ. ತಂದೆ ಮಗಳೊಂದಿಗೆ ಆ ದಾರಿಯಲ್ಲಿ ಶಾಲೆಯ ಹೊತ್ತಿನಲ್ಲೇ ನಡೆದು, ಆಗ ಯಾವ ಬಾಗಿಲುಗಳು ತೆರೆದಿರುತ್ತವೆ, ಎಲ್ಲಿ ಜನರಿರುತ್ತಾರೆ ಎಂದು ಅವಳಿಂದಲೇ ಗುರುತು ಮಾಡಿಸಿದರು. ಬ್ಯಾಗಿನ ಹೆಸರು ಒಳಗೆ ಹೋಯಿತು. ಇಬ್ಬರು ಸಹಪಾಠಿಗಳು ಜೊತೆಯಾದರು. ಹಾಜರಿಯಲ್ಲಿ ಮಗು ಕಾಣದಿದ್ದರೆ ಕೂಡಲೇ ಫೋನ್ ಮಾಡಲು ಶಾಲೆ ಒಪ್ಪಿತು.

ಮನೆಯವರು ಮಾತ್ರ ಬಲ್ಲ ಒಂದು ಗುಟ್ಟಿನ ಪದವನ್ನು ಮಗಳೇ ಆರಿಸಿದಳು. ಕರೆದೊಯ್ಯಲು ಬಂದವರು ಅದನ್ನು ಹೇಳದಿದ್ದರೆ ಹೋಗುವಂತಿಲ್ಲ. "ಅವಳ ಚಿಕ್ಕಪ್ಪ ಬಂದರೂ?" ಎಂದು ತಾಯಿ ಕೇಳಿದರು. ಹೌದು, ಅವರು ಬಂದರೂ. ಮಕ್ಕಳ ಮೇಲಿನ ದೌರ್ಜನ್ಯಗಳಲ್ಲಿ ಹೆಚ್ಚಿನವು ಪರಿಚಿತರಿಂದಲೇ ನಡೆಯುತ್ತವೆ. ಆದ್ದರಿಂದ ನಿಯಮ ಮುಖ ನೋಡಿ ಬದಲಾಗಬಾರದು. ಯಾವ ಚಿಕ್ಕಪ್ಪನ ಮೇಲೂ ಅನುಮಾನ ಹುಟ್ಟಿಸುವ ಉದ್ದೇಶ ಇದರಲ್ಲಿಲ್ಲ ಎಂದು ವಿವರಿಸಬೇಕಾಯಿತು.

ಶಾಲೆಗೆ ಮರಳಿದ್ದು ನಿಧಾನವಾಗಿ. ಮೊದಲ ವಾರ ತಂದೆ ಕೈಹಿಡಿದು ನಡೆದರು, ನಂತರ ಹತ್ತು ಹೆಜ್ಜೆ ಹಿಂದೆ, ಆಮೇಲೆ ತಿರುವಿನವರೆಗೆ. ಹಾಸಿಗೆ ಒದ್ದೆಯಾಗುವುದು ಮೂರನೆಯ ವಾರದಲ್ಲಿ ನಿಂತಿತು. ಹೊಟ್ಟೆನೋವು ಇನ್ನೂ ಕೆಲವು ಸೋಮವಾರ ಕಾಡಿತು.

ಎರಡು ತಿಂಗಳ ಬಳಿಕ ತಾಯಿ ಗಾಬರಿಯಿಂದ ಫೋನ್ ಮಾಡಿದರು. ಮಗಳು ಗುಟ್ಟಿನ ಪದವನ್ನು ಗೆಳತಿಗೆ ಹೇಳಿಬಿಟ್ಟಿದ್ದಳು. "ನಿಮಗೆ ಹೇಗೆ ಗೊತ್ತಾಯಿತು?" ಎಂದೆ. "ಅವಳೇ ಬಂದು ಹೇಳಿದಳು ಮೇಡಂ. ತಪ್ಪಾಯಿತು, ಬೇರೆ ಪದ ಇಟ್ಟುಕೊಳ್ಳೋಣ ಎಂದಳು." ಬೈಯದೆ ಅವಳನ್ನು ಅಪ್ಪಿಕೊಳ್ಳಿ ಎಂದೆ. ಅಂದು ಸಂಜೆಯೇ ಅವಳು ಹೊಸ ಪದ ಆರಿಸಿದಳಂತೆ. ಅದು ಏನೆಂದು ನಾನು ಕೇಳಲಿಲ್ಲ.