ನೂರು ಪದದ ಕಥೆ ಬರೆದು ಪತ್ರಿಕೆಗೆ ಕಳಿಸಿದರೆ ಉತ್ತರವೇ ಬರುವುದಿಲ್ಲ. ಹೇಗೆ ಬರೆಯಬೇಕು, ಎಲ್ಲಿಗೆ ಕಳಿಸಬೇಕು?

ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಎಲ್ಲಿಗೆ ಕಳಿಸಬೇಕು ಅನ್ನುವುದು ಸುಲಭ, ಅದನ್ನು ಆಮೇಲೆ ಹೇಳುತ್ತೇನೆ. ನಾನೂ ಬೆಂಗಳೂರಿನಲ್ಲೇ ಇದ್ದು, ಆಫೀಸು ಮನೆ ನಡುವೆ ಇಂಥ ಪುಟ್ಟ ಕಥೆಗಳನ್ನು ಬರೆಯುವವಳು. ಕೆಲವು ಅಚ್ಚಾಗಿವೆ, ಅಚ್ಚಾಗದವು ಜಾಸ್ತಿ. ಗೆಳೆಯರು ಬರೆದದ್ದನ್ನೂ ಓದಿ ತಿದ್ದಿಕೊಡುತ್ತೇನೆ. ನಾನು ನೋಡಿದ ಮಟ್ಟಿಗೆ ಈ ಪುಟ್ಟ ಕಥೆಗಳು, ಅಂದರೆ ನ್ಯಾನೋ ಕಥೆಗಳು, ಕೆಡುವುದು ಕೊನೆಯ ಸಾಲಿನಲ್ಲಿ.

ಇದಕ್ಕೆ ನಮ್ಮ ಹನಿಗವನದ ರೂಢಿಯೂ ಒಂದು ಕಾರಣ ಅನ್ನಿಸುತ್ತದೆ. ಡುಂಡಿರಾಜ್ ಅವರನ್ನು ಓದಿಕೊಂಡು ಬೆಳೆದವರು ನಾವು. ನಾಲ್ಕು ಸಾಲು, ಕೊನೆಗೊಂದು ಪಂಚ್, ನಗು. ಅಲ್ಲಿ ಅದು ಸರಿ, ಅದರ ಸೊಗಸೇ ಅದು. ಅದನ್ನೇ ಕಥೆಗೂ ತಂದರೆ ಕಥೆ ಜೋಕ್ ಆಗಿಬಿಡುತ್ತದೆ, ಇಲ್ಲವೇ ಕಣ್ಣೀರು ತರಿಸುವ ಜೋಕ್. ವಾಟ್ಸಾಪಿನಲ್ಲಿ ಓಡಾಡುವುದನ್ನೇ ನೋಡಿ. ಅಮೆರಿಕದ ಮಗ, ವೃದ್ಧಾಶ್ರಮದ ತಾಯಿ. 'ಅಷ್ಟರಲ್ಲಿ ಎಚ್ಚರವಾಯಿತು.' 'ಅವನು ಸತ್ತು ಆಗಲೇ ವರ್ಷವಾಗಿತ್ತು.' ಇಂಥದ್ದನ್ನು ಎರಡನೇ ಸಲ ಯಾರು ಓದುತ್ತಾರೆ ಹೇಳಿ? ಪುರವಣಿ ನೋಡಿಕೊಳ್ಳುವವರ ಮೇಜಿಗೆ ಇವು ದಿನಾ ಬರುತ್ತವೆ. ಅರ್ಧ ಓದುವಷ್ಟರಲ್ಲೇ ಕೊನೆ ಗೊತ್ತಾಗಿಬಿಡುತ್ತದೆ.

ಸುಮ್ನೆ ಹೇಳಿದರೆ ಆಗುವುದಿಲ್ಲ, ಈ ಉತ್ತರಕ್ಕಾಗಿಯೇ ಒಂದು ಕಥೆ ಕಟ್ಟಿ ತೋರಿಸುತ್ತೇನೆ. ಹೆಸರು 'ಟು-ಲೆಟ್'. ಸಾಮಾನ್ಯವಾಗಿ ಜನ ಬರೆಯುವ ರೀತಿ ಇದು:

'ಬಾಡಿಗೆ ಮನೆ ಹುಡುಕಿ ಹುಡುಕಿ ಸುಸ್ತಾಗಿದ್ದ ಆ ಯುವ ದಂಪತಿಗೆ ಹನುಮಂತನಗರದ ಆ ಮನೆ ತುಂಬಾ ಇಷ್ಟವಾಯಿತು. ನೀರಿನ ತೊಂದರೆ ಇಲ್ಲ, ಮೀಟರ್ ಬೇರೆ, ಅಡ್ವಾನ್ಸೂ ಒಪ್ಪಿಗೆಯಾಯಿತು. ಹೆಂಡತಿ ಅಡುಗೆಮನೆಯಲ್ಲಿ ಫ್ರಿಜ್ ಇಡುವ ಜಾಗವನ್ನು ಗೇಣು ಹಾಕಿ ಅಳೆದಳು. ಓನರ್ ಆಂಟಿ ಅವನನ್ನು ಕೇಳಿದರು, "ನಿಮ್ಮ ಪೂರ್ತಿ ಹೆಸರೇನಪ್ಪಾ?" ಅವನು ಹೇಳಿದ. ಆಂಟಿಯ ಮುಖ ಬಾಡಿತು. ಮರುದಿನ ಫೋನ್ ಬಂತು, ಮನೆ ಬೇರೆಯವರಿಗೆ ಕೊಟ್ಟಾಯಿತಂತೆ. ಚಂದ್ರನ ಮೇಲೆ ಇಳಿದ ದೇಶದಲ್ಲಿ ಇವರಿಗೆ ಇಳಿಯಲು ಒಂದು ಮನೆ ಸಿಗಲಿಲ್ಲ!'

ಆ ಚಂದ್ರನ ಸಾಲು ಬರೆದವರಿಗೆ ತುಂಬಾ ಇಷ್ಟವಾಗುತ್ತದೆ. ಮೊದಲು ಹೋಗಬೇಕಾದ್ದೂ ಅದೇ. ಫೋನ್ ಬಂದದ್ದೂ ಬೇಡ, ಮುಖ ಬಾಡಿದ್ದೂ ಬೇಡ. 'ಹುಡುಕಿ ಹುಡುಕಿ ಸುಸ್ತಾಗಿದ್ದ' ಅನ್ನುವುದನ್ನು ಕಥೆಯ ಹೆಸರೇ ಹೇಳುತ್ತಿದೆ. ಹನುಮಂತನಗರ ಆದರೇನು, ಹೆಬ್ಬಾಳ ಆದರೇನು. ಇಷ್ಟು ಕಿತ್ತರೂ ಕಥೆ ಇನ್ನೂ ಸಪ್ಪೆ, ಯಾಕೆಂದರೆ ಕತ್ತರಿ ಹಾಕುವುದು ಅರ್ಧ ಕೆಲಸ ಅಷ್ಟೇ. ಎಲ್ಲಿ ನಿಂತು ನೋಡುತ್ತೇವೆ ಅನ್ನುವುದೂ ಬದಲಾಗಬೇಕು. ಗಂಡನ ಪಕ್ಕ ನಿಲ್ಲುವ ಬದಲು ಅಡುಗೆಮನೆಗೆ ಹೋಗೋಣ:

'ನೀರಿನ ತೊಂದರೆ ಇಲ್ಲ. ಮೀಟರ್ ಬೇರೆ. ಅಡ್ವಾನ್ಸೂ ಒಪ್ಪಿಗೆಯಾಯಿತು. ಅವಳು ಅಡುಗೆಮನೆಯಲ್ಲಿ ಫ್ರಿಜ್ ಇಡುವ ಜಾಗವನ್ನು ಗೇಣು ಹಾಕಿ ಅಳೆಯುತ್ತಿದ್ದಳು. ಹಾಲ್‌ನಿಂದ ಓನರ್ ಆಂಟಿಯ ದನಿ ಕೇಳಿಸಿತು, "ನಿಮ್ಮ ಪೂರ್ತಿ ಹೆಸರೇನಪ್ಪಾ?" ಅವಳ ಕೈ ಮೂರನೇ ಗೇಣಿಗೆ ನಿಂತಿತು.'

ಗಂಡ ಇನ್ನೂ ಉತ್ತರವನ್ನೇ ಕೊಟ್ಟಿಲ್ಲ ನೋಡಿ. ಆದರೂ ಈ ಪ್ರಶ್ನೆ ಅವರಿಗೆ ಹೊಸದಲ್ಲ ಅನ್ನುವುದು ಆ ಕೈಯಲ್ಲಿದೆ. ಅವರದು ಯಾವ ಜಾತಿ, ಯಾವ ಧರ್ಮ ಅಂತ ಕಥೆ ಹೇಳುವುದಿಲ್ಲ. ಈ ಊರಿನಲ್ಲಿ ಮನೆ ಹುಡುಕಿದವರು ತಾವೇ ತುಂಬಿಕೊಳ್ಳುತ್ತಾರೆ. ಮನೆ ಬಾಡಿಗೆಗೆ ಕೊಟ್ಟವರೂ ತುಂಬಿಕೊಳ್ಳುತ್ತಾರೆ, ಬೇರೆ ಥರ. ಕೆಲವರಿಗೆ ಅರ್ಥವೇ ಆಗದೆ ಹೋಗಬಹುದು. ಆಗಲಿ ಬಿಡಿ. ಎಲ್ಲರಿಗೂ ಅರ್ಥವಾಗಲಿ ಅಂತ ಒಂದು ಸಾಲು ಸೇರಿಸಿದರೆ ಚಂದ್ರ ಮತ್ತೆ ಬರುತ್ತಾನೆ.

ಪದದ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸರಿಯಾಗಿ ನೂರು ಪದ ಅನ್ನುವುದು ಇಂಗ್ಲಿಷಿನಿಂದ ಬಂದ ಆಟ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ನೂರು ಪದದಲ್ಲಿ ಜಾಗ ಧಾರಾಳ. ಸ್ಪರ್ಧೆಯ ನಿಯಮ ಇದ್ದರೆ ಮಾತ್ರ ಎಣಿಸಿ.

ಓದಲು ಹೇಳುವುದಾದರೆ, ಉರ್ದು ಕಥೆಗಾರ ಮಂಟೋ 1948ರಲ್ಲಿ ದೇಶ ವಿಭಜನೆಯ ಹಿಂಸೆ ಬಗ್ಗೆ ಎರಡು-ಮೂರು ಸಾಲಿನ ಕಥೆಗಳನ್ನೂ ಬರೆದ. ಓದಿದರೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ, ಆದರೆ ಎಲ್ಲೂ ಗೋಳಿಲ್ಲ. 1968ರಲ್ಲಿ ನೊಬೆಲ್ ಪಡೆದ ಜಪಾನಿನ ಕವಾಬಾತ ಅಂಗೈಯಗಲದ ಕಥೆಗಳನ್ನು ನೂರಕ್ಕೂ ಜಾಸ್ತಿ ಬರೆದಿದ್ದಾನೆ. ನಮ್ಮ ಎಸ್. ದಿವಾಕರ್ ಬೇರೆ ಬೇರೆ ದೇಶಗಳ ಅತಿ ಸಣ್ಣ ಕಥೆಗಳನ್ನು ಕನ್ನಡಕ್ಕೆ ತಂದಿದ್ದಾರೆ. ಗಾಂಧಿ ಬಜಾರಿನ ಅಂಕಿತದಲ್ಲೋ ಗಾಂಧಿನಗರದ ಸಪ್ನಾದಲ್ಲೋ, ಎರಡೂ ಪುಸ್ತಕದಂಗಡಿ, ಒಮ್ಮೆ ವಿಚಾರಿಸಿ.

ಇನ್ನು ಕಳಿಸುವ ವಿಷಯ. ಸುಧಾ, ತರಂಗ, ಮಯೂರ, ತುಷಾರ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು, ಆನ್‌ಲೈನ್‌ನಲ್ಲಾದರೆ ಕೆಂಡಸಂಪಿಗೆ, ಅವಧಿ. ಕಳಿಸುವ ಮುಂಚೆ ಅಲ್ಲಿನ ಈಚಿನ ಸಂಚಿಕೆಗಳನ್ನು ತಿರುವಿ ಹಾಕಿ. ಪುಟ್ಟ ಕಥೆಗೆ ಜಾಗ ಇದೆಯಾ, ಎಷ್ಟು ಉದ್ದದ್ದು ಬರುತ್ತಿದೆ, ಅದು ಗೊತ್ತಾಗದೆ ಕಳಿಸಿ ಉಪಯೋಗವಿಲ್ಲ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ನ್ಯಾನೋ ಕಥೆ ಕಳಿಸಬೇಡಿ, ಅದು ಪೂರ್ಣ ಪ್ರಮಾಣದ ಸಣ್ಣಕಥೆಯ ಅಖಾಡ.

ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕಳಿಸಿದರೆ ಆ ಕಡೆ ತೆರೆದವರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬರೀ ಪಿಡಿಎಫ್ ಕಳಿಸಿದರೆ ಅವರಿಗೆ ಕಾಪಿ ಮಾಡುವುದೇ ಕಷ್ಟ, ವರ್ಡ್ ಫೈಲೂ ಇರಲಿ. ಕೆಳಗೆ ಹೆಸರು, ವಿಳಾಸ, ಫೋನ್ ನಂಬರ್, ಜೊತೆಗೆ 'ಇದು ನನ್ನ ಸ್ವಂತ ರಚನೆ, ಬೇರೆಲ್ಲೂ ಪ್ರಕಟವಾಗಿಲ್ಲ' ಅಂತ ಒಂದು ಸಾಲು. ಕಥೆಯ ಭಾವಾರ್ಥ ವಿವರಿಸುವ ಪತ್ರ ಬೇಡವೇ ಬೇಡ.

ಆ 'ಬೇರೆಲ್ಲೂ' ಅನ್ನುವುದರಲ್ಲಿ ಫೇಸ್‌ಬುಕ್ಕೂ ಬರುತ್ತದೆ, ಯಾರು ಬೇಕಾದರೂ ಕಥೆ ಹಾಕಬಹುದಾದ ಪ್ರತಿಲಿಪಿ ಆ್ಯಪೂ ಬರುತ್ತದೆ. ಬರೆದ ರಾತ್ರಿಯೇ ಗೋಡೆಗೆ ಹಾಕಿ ಲೈಕ್ ಎಣಿಸಿದ ಕಥೆಯನ್ನು ಹಲವು ಸಂಪಾದಕರು ಅಪ್ರಕಟಿತ ಅಂತ ಒಪ್ಪುವುದಿಲ್ಲ. ಪತ್ರಿಕೆಗೆ ಅಂತ ಇಟ್ಟದ್ದನ್ನು ಅಲ್ಲಿ ಹಾಕಬೇಡಿ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಲೂಬೇಡಿ. ಎರಡೂ ಕಡೆ ಬಂದರೆ ಮುಖ ತೋರಿಸುವುದು ಕಷ್ಟ. ಉತ್ತರ ಬಾರದಿರುವುದು ಮಾಮೂಲಿ, ಅದನ್ನು ಅವಮಾನ ಅಂದುಕೊಳ್ಳಬೇಡಿ. ಎರಡು-ಮೂರು ತಿಂಗಳು ನೋಡಿ, ವಾಪಸ್ ಪಡೆಯುತ್ತಿದ್ದೇನೆ ಅಂತ ಒಂದು ಮೇಲ್ ಹಾಕಿ, ಬೇರೆ ಕಡೆ ಕಳಿಸಿ.

ಕದಿಯುತ್ತಾರೆ ಅನ್ನುವ ಭಯ ಇದ್ದರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಹೆಸರು ಕಿತ್ತು ಫಾರ್ವರ್ಡ್ ಮಾಡುವವರನ್ನು ಕಾಯ್ದೆ ತಡೆಯುತ್ತದಾ ಅಂತ ಕೇಳಿದರೆ, ಅದು ಬೇರೆ ಮಾತು.

ಕೆಲವರು ಸಂಕಲನಕ್ಕೆ ಸೇರಿಸಿಕೊಳ್ಳುತ್ತೇವೆ, 'ಸಹಲೇಖಕರು' ಅಂತ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಹಣ ಕೇಳುತ್ತಾರೆ. ನನಗೂ ಮೇಲ್ ಬರುತ್ತಿರುತ್ತವೆ. ಕೊಡಬೇಡಿ. ಆ ಪುಸ್ತಕಗಳನ್ನು ಕೊಳ್ಳುವವರು ಅದರಲ್ಲಿ ಬರೆದವರು ಮಾತ್ರ. ಕಥೆಗಳು ಸಾಕಷ್ಟು ಸೇರಿದಾಗ ಬೇರೆ ದಾರಿಗಳಿವೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ಕಥೆಗಾರ ವಸುಧೇಂದ್ರ ಅವರ ಪ್ರಕಾಶನ ಸಂಸ್ಥೆ ಛಂದ ಪುಸ್ತಕ ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾನೇ ಪ್ರಕಟಿಸಿಕೊಂಡು ಬಂದಿದೆ. ವಯಸ್ಸು, ಪುಟಗಳ ನಿಯಮಗಳನ್ನು ಪ್ರಕಟಣೆ ಬಂದಾಗ ಸರಿಯಾಗಿ ಓದಿಕೊಂಡು ಕಳಿಸಿ.