‘ತ್ಯಾಗ’ ಅಂತ ಬರೆದದ್ದು ತಪ್ಪೇ, ಮೇಷ್ಟ್ರೇ

ಓದುಗರ ಪತ್ರ: “ಹೋದ ಸಂಚಿಕೆಯ ಸಕ್ಕರೆ ಕಾಯಿಲೆ ಲೇಖನದಲ್ಲಿ ‘ಇನ್ಸುಲಿನ್‌ಗಾಗಿ ಪ್ರಾಣತ್ಯಾಗ ಮಾಡಿದ ನಾಯಿಗಳು’ ಎಂದು ಹಾಕಿದ್ದೀರಿ. ತ್ಯಾಗ ಅಂದರೆ ತಾನಾಗಿ ಬಿಟ್ಟುಕೊಡುವುದು. ಆ ನಾಯಿಗಳನ್ನು ಯಾರಾದರೂ ಕೇಳಿದ್ದರೇ? ಇನ್ನೊಂದು ಮಾತು. ಮೊನ್ನೆ ಪಶು ಆಸ್ಪತ್ರೆಯವರು ನಮ್ಮ ಹೆಣ್ಣು ಕರುವಿನ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ಚೀಟಿಯಲ್ಲಿ ಬ್ರುಸೆಲ್ಲಾ ಎಂದಿದೆ, ಕರುವಿನ ನಂಬರೂ ಇದೆ, ಕೆಳಗೆ ಬರೆದಿದ್ದೇನೆ. ಇದೂ ಪ್ರಯೋಗವೇ?” (ನಿವೃತ್ತ ಶಿಕ್ಷಕರು, ಅರಸೀಕೆರೆ ತಾಲ್ಲೂಕು)

ಮೇಷ್ಟ್ರೇ, ನಮಸ್ಕಾರ.

ಆ ಸಾಲು ಲೇಖಕರದ್ದಲ್ಲ, ನನ್ನದು. ಪುಟ ಕಟ್ಟುವಾಗ ಎರಡು ಸಾಲಿನ ಜಾಗ ಖಾಲಿ ಉಳಿದಿತ್ತು. ರಾತ್ರಿ ಹತ್ತೂವರೆ. ‘ತ್ಯಾಗ’ ಕೈಗೆ ಸಿಕ್ಕಿತು, ಹಾಕಿಬಿಟ್ಟೆ. ಆಮೇಲೆ ಯೋಚಿಸಿದರೆ ಆ ಪದ ಎಲ್ಲಿಂದ ಬಂತು ಅಂತಲೂ ಗೊತ್ತಾಯಿತು. ಲ್ಯಾಬಿನ ವರದಿಗಳಲ್ಲಿ ಪ್ರಾಣಿಯನ್ನು ‘ಕೊಂದೆವು’ ಅಂತ ಬರೆಯುವ ರೂಢಿ ಕಡಿಮೆ. ‘ಸ್ಯಾಕ್ರಿಫೈಸ್ ಮಾಡಿದೆವು’ ಅಂತಲೇ ಬರೆಯುತ್ತಾರೆ. ಅಂಥವನ್ನು ಓದಿ ಓದಿ ನನಗೂ ಅದು ಅಂಟಿಕೊಂಡಿದೆ. ನಿಮ್ಮ ಕೆಂಪು ಪೆನ್ನು ಸರಿಯಾದ ಜಾಗಕ್ಕೇ ಬಿದ್ದಿದೆ.

ಹಾಗಾದರೆ ನಿಜವಾಗಿ ಏನಾಯಿತು? ಆ ಲೇಖನದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಈಗ ಹೇಳುತ್ತೇನೆ.

1889ರಲ್ಲಿ, ಆಗ ಜರ್ಮನಿಯ ಕೈಯಲ್ಲಿದ್ದ ಸ್ಟ್ರಾಸ್‌ಬರ್ಗ್‌ನಲ್ಲಿ, ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬಿಬ್ಬರು ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ಪೂರ್ತಿ ತೆಗೆದರು. ಅವರು ಸಕ್ಕರೆ ಕಾಯಿಲೆಯನ್ನು ಹುಡುಕುತ್ತಿರಲಿಲ್ಲ. ಕೊಬ್ಬು ಹೇಗೆ ಜೀರ್ಣವಾಗುತ್ತದೆ ಅನ್ನುವುದು ಅವರ ಚರ್ಚೆ. ನಾಯಿ ಮಾತ್ರ ಸಿಕ್ಕಸಿಕ್ಕಲ್ಲಿ ಉಚ್ಚೆ ಹೊಯ್ಯತೊಡಗಿತು. ಪರೀಕ್ಷೆ ಮಾಡಿದರೆ ಅದರಲ್ಲಿ ಸಕ್ಕರೆ. ಕಾಯಿಲೆಯ ಬೇರು ಯಾವ ಅಂಗದಲ್ಲಿದೆ ಅಂತ ಗೊತ್ತಾದದ್ದು ಹಾಗೆ.

ಅದಾಗಿ ಮೂವತ್ತೆರಡು ವರ್ಷಕ್ಕೆ, 1921ರ ಬೇಸಿಗೆಯಲ್ಲಿ, ಟೊರಾಂಟೊ ವಿಶ್ವವಿದ್ಯಾಲಯ. ಪ್ರೊಫೆಸರ್ ಮ್ಯಾಕ್ಲಿಯಾಡ್ ಅವರು ಫ್ರೆಡರಿಕ್ ಬ್ಯಾಂಟಿಂಗ್‌ಗೆ ಒಂದು ಲ್ಯಾಬು, ಹತ್ತು ನಾಯಿ, ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯನ್ನು ಕೊಟ್ಟು ರಜೆಗೆ ಸ್ಕಾಟ್ಲೆಂಡಿಗೆ ಹೊರಟರು. ನಾಯಿಯ ಗ್ರಂಥಿ ತೆಗೆದು, ಗ್ರಂಥಿಯ ರಸ ಚುಚ್ಚಿ ಸಕ್ಕರೆ ಇಳಿಸಬಹುದೇ ಅಂತ ನೋಡುವುದು ಕೆಲಸ. ಬ್ಯಾಂಟಿಂಗ್ ಸರ್ಜನ್ನೇ, ಆದರೆ ಸಂಶೋಧನೆಯ ಅನುಭವ ಇಲ್ಲ. ಸೆಕೆ ಬೇರೆ. ಗಾಯ ಕೀವಾಗಿ, ರಕ್ತ ಹೋಗಿ, ಅರಿವಳಿಕೆ ಜಾಸ್ತಿಯಾಗಿ ನಾಯಿಗಳು ಒಂದರ ಹಿಂದೆ ಒಂದು ಸತ್ತವು. ಕೊಟ್ಟವು ಸಾಲದೆ, ಬೀದಿಯಲ್ಲಿ ಒಂದೆರಡು ಡಾಲರ್ ಕೊಟ್ಟು, ‘ಎಲ್ಲಿಂದ ತಂದೆ’ ಅಂತಲೂ ಕೇಳದೆ ಕೊಂಡುಕೊಂಡರು. ಇದನ್ನು ಯಾವ ಬಾಯಲ್ಲಿ ತ್ಯಾಗ ಅನ್ನಲಿ?

ಜುಲೈ 30ರಂದು 410ನೇ ನಂಬರಿನ ನಾಯಿಗೆ ಗ್ರಂಥಿಯ ರಸ ಚುಚ್ಚಿದರು. ಈಗಿನ ಲೆಕ್ಕದಲ್ಲಿ ಹೇಳಿದರೆ 200 ಇದ್ದ ಸಕ್ಕರೆ ಒಂದು ಗಂಟೆಯಲ್ಲಿ 120ಕ್ಕೆ ಇಳಿಯಿತು. ನಾಯಿ ಉಳಿಯಲಿಲ್ಲ. 92ನೇ ನಂಬರಿನದು ಹಳದಿ ಕೋಲಿ. ಸುಮಾರು ಇಪ್ಪತ್ತು ದಿನ ಬದುಕಿತು. ಅದು ಸತ್ತಾಗ ತಾನು ಅತ್ತದ್ದನ್ನು ಬ್ಯಾಂಟಿಂಗೇ ಆಮೇಲೆ ಬರೆದುಕೊಂಡಿದ್ದಾನೆ. ರೋಗಿಗಳು ಸತ್ತಾಗ ಅಳದವನು ಆತ. ಅತ್ತ, ಆಮೇಲೆ ಇನ್ನೊಂದು ನಾಯಿಯನ್ನು ಮೇಜಿನ ಮೇಲೆ ಮಲಗಿಸಿದ. ನನಗೆ ಆ ಎರಡೂ ನಿಜ ಅನ್ನಿಸುತ್ತವೆ.

ಇನ್ನು ಕರುವಿನ ಕತೆ. ನಾಯಿಯ ಗ್ರಂಥಿಯಿಂದ ಸಿಗುವ ರಸ ಬಹಳ ದಿನಕ್ಕೆ ಸಾಲದು. ಒಂದು ನಾಯಿ ಬದುಕಿಸಲು ಎಷ್ಟು ನಾಯಿ ಕೊಲ್ಲುವುದು? ಬ್ಯಾಂಟಿಂಗ್ ಹಳ್ಳಿಯ ರೈತರ ಮಗ. ಕಸಾಯಿಖಾನೆಗೆ ಕಳಿಸುವ ಮೊದಲು ಹಸು ಮೈ ತುಂಬಿಕೊಳ್ಳಲಿ ಅಂತ ಗಬ್ಬ ಕಟ್ಟಿಸುವುದು ಅಲ್ಲಿನ ಪದ್ಧತಿ ಅಂತ ಅವನಿಗೆ ಗೊತ್ತಿತ್ತು. ಹೊಟ್ಟೆಯೊಳಗಿನ ಕರುವಿಗೆ ಇನ್ನೂ ತಿನ್ನುವ ಕೆಲಸವಿಲ್ಲ. ಹಾಗಾಗಿ ಗ್ರಂಥಿಯಲ್ಲಿ ಜೀರ್ಣರಸ ಇನ್ನೂ ಬಲಿತಿರುವುದಿಲ್ಲ, ಇನ್ಸುಲಿನ್ ಮಾತ್ರ ಹಾಳಾಗದೆ ಸಿಗುತ್ತದೆ. ನವೆಂಬರಿನಲ್ಲಿ ಕಸಾಯಿಖಾನೆಯಿಂದ ಹುಟ್ಟದ ಕರುಗಳ ಗ್ರಂಥಿ ತಂದರು. ಕೆಲಸ ಮಾಡಿತು. ಡಿಸೆಂಬರಿನಲ್ಲಿ ದೊಡ್ಡ ದನಗಳ ಗ್ರಂಥಿಯಿಂದಲೂ ಆಲ್ಕೋಹಾಲ್ ಹಾಕಿ ತೆಗೆಯಬಹುದು ಅಂತಾಯಿತು. 33ನೇ ನಂಬರಿನ ನಾಯಿ, ಮಾರ್ಜರಿ, ಮೇದೋಜೀರಕ ಇಲ್ಲದೆ ಸುಮಾರು 70 ದಿನ ಬದುಕಿತು. ಆಮೇಲೆ ಅದನ್ನು ಕೊಂದರು. (ಈ ಸಲ ಸರಿಯಾದ ಪದ ಹಾಕಿದ್ದೇನೆ.)

1922ರ ಜನವರಿ 11ರಂದು ಲೆನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಇಂಜೆಕ್ಷನ್. ರಸ ಶುದ್ಧವಿರಲಿಲ್ಲ, ಚುಚ್ಚಿದಲ್ಲಿ ಕೀವಾಯಿತು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಹಗಲೂ ರಾತ್ರಿ ಕೂತು ಸೋಸಿ ಕೊಟ್ಟದ್ದನ್ನು 23ರಂದು ಚುಚ್ಚಿದರು. ಹುಡುಗ ಎದ್ದು ಕೂತ. ಇನ್ನೂ ಹದಿಮೂರು ವರ್ಷ ಬದುಕಿದ.

ನಮ್ಮ ಮನೆಯ ವಿಷಯ ಒಂದು ಹೇಳಲೇಬೇಕು. ಎಂಬತ್ತರ ದಶಕ. ಅಜ್ಜಿಗೆ ಸಕ್ಕರೆ ಕಾಯಿಲೆ. ಫ್ರಿಜ್ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ನೀರು ತುಂಬಿದ ಮಣ್ಣಿನ ಮಡಕೆ, ಅದರೊಳಗೆ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಬೆರಳುದ್ದದ ಸೀಸೆ. ಗಾಜಿನ ಸಿರಿಂಜನ್ನು ಚಿಕ್ಕಪ್ಪ ಹಾಲಿನ ಪಾತ್ರೆಯಲ್ಲಿ ಕುದಿಸುತ್ತಿದ್ದರು. ಅಜ್ಜಿ ಬೆಳಿಗ್ಗೆ ಎದ್ದು ಹಸುವಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದು, ತೋಳು ಒಡ್ಡುತ್ತಿದ್ದರು. ಸೀಸೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ‘ಬೋವೈನ್’ ಅಂತಿತ್ತು, ಅಂದರೆ ದನದ್ದು. ಚಿಕ್ಕಪ್ಪ ಹೊಸ ಸೀಸೆ ತಂದ ಕೂಡಲೇ ಉಗುರಿನಲ್ಲಿ ಲೇಬಲ್ ಕೆರೆದುಬಿಡುತ್ತಿದ್ದರು. ಒಮ್ಮೆ ಅಜ್ಜಿ, “ಇದನ್ನ ಯಾವುದ್ರಿಂದ ಮಾಡ್ತಾರೋ?” ಅಂದರು. “ಔಷಧಿ ಅಂಗ್ಡೀಲಿ ಮಾಡ್ತಾರಮ್ಮ” ಅಂದರು ಚಿಕ್ಕಪ್ಪ. ಅಜ್ಜಿ ಮತ್ತೆ ಕೇಳಲಿಲ್ಲ. ಗೊತ್ತಿದ್ದೇ ಸುಮ್ಮನಿದ್ದರೋ ಏನೋ. ಹನ್ನೊಂದು ವರ್ಷ ಹಾಗೆ ನಡೆಯಿತು.

ಅದಕ್ಕೇ ‘ಎಲ್ಲ ಪ್ರಯೋಗ ನಿಲ್ಲಿಸಿ’ ಅಂತ ನಾನು ಬರೆದರೆ ಸುಳ್ಳು ಬರೆದಂತೆ. ಆದರೆ ಲೇಬಲ್ ಕೆರೆಯುವುದನ್ನು ನಿಲ್ಲಿಸಬಹುದು ಅಲ್ವಾ?

ಈಗಿನ ಸೀಸೆಯಲ್ಲಿ ದನದ ಅಂಶವಿಲ್ಲ. ದನದ ಇನ್ಸುಲಿನ್ನಿಗೂ ನಮ್ಮದಕ್ಕೂ ವ್ಯತ್ಯಾಸ, ಸರಪಳಿಯಂತೆ ಪೋಣಿಸಿದ ಅಮೈನೋ ಆಮ್ಲಗಳ 51 ಕೊಂಡಿಗಳಲ್ಲಿ ಮೂರೇ ಮೂರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ನನ್ನೇ ಮಾಡಿಸಿ ಮಾರಾಟಕ್ಕೆ ತಂದರು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟಿನಿಂದ ತೆಗೆದು ತಂದಿತು. ನಾಯಿಗಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಅವಕ್ಕೂ ಇದೇ ಚಿಕಿತ್ಸೆ. ನಾಯಿಯ ಇನ್ಸುಲಿನ್ನೂ ಹಂದಿಯದ್ದೂ ಒಂದೇ ಆದ್ದರಿಂದ ಅವಕ್ಕೆ ಹಂದಿಯದ್ದು ಸರಿಹೋಗುತ್ತದೆ.

ಹಾಗಂತ ಲೆಕ್ಕ ಚುಕ್ತಾ ಆಗಿಲ್ಲ. ‘ಪ್ರಾಣಿ ಬೇಡ, ಜೀವಕೋಶದ ಮೇಲೆ ಪರೀಕ್ಷೆ ಮಾಡೋಣ’ ಅನ್ನುತ್ತಾರಲ್ಲ, ಆ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಬಹಳಷ್ಟು ಲ್ಯಾಬುಗಳು ಇಂದಿಗೂ ಬಳಸುವುದು ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ. ಗಬ್ಬದ ಹಸು ಕಸಾಯಿಖಾನೆಗೆ ಹೋದಾಗ ಸಿಗುವಂಥದ್ದು. 1921ರ ಕರು ಇನ್ನೂ ಲ್ಯಾಬು ಬಿಟ್ಟು ಹೋಗಿಲ್ಲ. ಅದಿಲ್ಲದ ಪೋಷಕ ದ್ರವಗಳು ಬಂದಿವೆ, ಆದರೆ ಎಲ್ಲ ಬಗೆಯ ಕೋಶಕ್ಕೂ ಹೊಂದುವುದಿಲ್ಲ.

ಕಾನೂನು ಚುಟುಕಾಗಿ ಹೇಳುತ್ತೇನೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರಡಿ ಲ್ಯಾಬು ನೋಂದಣಿಯಾಗಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು, ನೋವಾಗುವ ಕಡೆ ಅರಿವಳಿಕೆ ಬೇಕು. 2014ರಿಂದ ಸೌಂದರ್ಯವರ್ಧಕಗಳಿಗೆ ಪ್ರಾಣಿ ಪರೀಕ್ಷೆ ಇಲ್ಲ. ಹೊಸ ಔಷಧಿಗೆ ಪ್ರಾಣಿ ಬಳಸದ ವಿಧಾನಗಳಿಗೂ 2023ರ ನಿಯಮ ಬಾಗಿಲು ತೆರೆದಿದೆ. ಬೀದಿಯಲ್ಲಿ ನಾಯಿ ಕೊಂಡು ತರುವ ಕಾಲ ಹೋಯಿತು.

ಈಗ ನಿಮ್ಮ ಕರು. ಅದು ಪ್ರಯೋಗ ಅಲ್ಲ, ಮೇಷ್ಟ್ರೇ, ತಪಾಸಣೆ. ನಾವು ಎರಡಕ್ಕೂ ‘ಟೆಸ್ಟ್’ ಅಂದು ಗೊಂದಲ ಮಾಡಿಕೊಂಡಿದ್ದೇವೆ. ಬ್ರುಸೆಲ್ಲಾ ಅಂದರೆ ನಮ್ಮ ಕಂದು ರೋಗ, ಹಸು ತಿಂಗಳು ತುಂಬುವ ಮುಂಚೆ ಕಂದು ಹಾಕುವುದು. ಲ್ಯಾಬಿನಲ್ಲಿ ಬಿಳಿ ತಟ್ಟೆಯ ಮೇಲೆ ಒಂದು ಹನಿ ಸೀರಮ್, ಒಂದು ಹನಿ ಗುಲಾಬಿ ದ್ರವ ಬೆರೆಸಿ ನಾಲ್ಕು ನಿಮಿಷ ಅಲ್ಲಾಡಿಸುತ್ತಾರೆ. ಒಡೆದ ಹಾಲಿನಂತೆ ಗರಣೆ ಕಟ್ಟಿದರೆ ಅನುಮಾನ. ಇದರ ಲಸಿಕೆ ಹೆಣ್ಣು ಕರುಗಳಿಗೆ ಮಾತ್ರ, 4ರಿಂದ 8 ತಿಂಗಳೊಳಗೆ ಒಂದೇ ಸಲ. ಲಸಿಕೆ ಹಾಕಿದ ಕರುವಿನ ರಕ್ತವೂ ಗರಣೆ ಕಟ್ಟಬಹುದು. ನಿಮ್ಮದಕ್ಕೆ ಹಾಕಿಸಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ರೋಗ ಮನುಷ್ಯರಿಗೂ ಅಂಟುತ್ತದೆ. ಹಾಲು ಕಾಯಿಸದೆ ಕುಡಿಯಬೇಡಿ, ಕಂದು ಹಾಕಿದ್ದನ್ನು ಬರಿಗೈಯಲ್ಲಿ ಎತ್ತಬೇಡಿ.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ನನ್ನದೂ ಒಂದು ತಿದ್ದುಪಡಿ ಇದೆ. ಕಿವಿಯೋಲೆಯ ನಂಬರಿನಲ್ಲಿ 12 ಅಂಕಿ ಇರಬೇಕು. ಚೀಟಿ ನೋಡಿ ನೀವು ಬರೆದು ಕಳಿಸಿದ್ದರಲ್ಲಿ 11 ಇವೆ. ಕರುವಿನ ಕಿವಿ ಹಿಡಿದು ಇನ್ನೊಮ್ಮೆ ಎಣಿಸಿ, ಫಲಿತಾಂಶ ಪಕ್ಕದ ಮನೆಯ ಕರುವಿನ ಹೆಸರಿಗೆ ಹೋಗುವ ಮೊದಲು.